ಆಂಥೂರಿಯಂ ಕುಂಡದ ಉಪ್ಪು

ಕಾರಿನ ಸದ್ದಲ್ಲ, ಅಟ್ಟದ ಮೇಲೆ ಕಾಯಿ ಉರುಳಿದ್ದು, ಇಲಿ ಸೇರ್ಕಂಡೈತೆ, ಸೇರ್ಕಳ್ಳಿ ಬುಡು, ಕೊಬ್ಬರಿಗೆ ಅಂತ ಹಾಕಿರೋ ಅಷ್ಟು ಕಾಯಿನೂ ಉರುಳಿಸ್ಲಿ — ಕಿಬ್ಬನಹಳ್ಳಿ ದಾಟಿದ್ವಿ ಅಪ್ಪಾಜಿ, ಅಮ್ಮನ ಮಂಚ ಹಾಲ್‌ನಲ್ಲಿ ಕಿಟಕಿ ಪಕ್ಕಕ್ಕೇ ಹಾಕಿ, ಗಿಡ ಕಾಣ್ಬೇಕಂತೆ, ಅಂತ ಮಗಳು ನಯನ ಫೋನ್ ಮಾಡಿ ಎಷ್ಟೊತ್ತಾಯ್ತು, ಮಂಚ ಹಾಕಿದೀನಿ, ದಿಂಬು ಇಟ್ಟಿದೀನಿ, ಗಿಡ? ಗಿಡ ಎಲ್ಲೈತೆ ಶಿವಮೂರ್ತಿ, ಅಂತ ನನ್ನನ್ನೇ ಕೇಳ್ಕಂತೀನಿ, ಆರು ಎಲೆ ಇದ್ದಿದ್ದು ಒಂದು ಉಳ್ಕಂಡೈತೆ, ಅದರ ಅಂಚೂ ಸೀದ ರೊಟ್ಟಿ ಥರ ಕರ್ರಗೆ, ಕೆಂಪು ಹೂವು ಮುದುರ್ಕಂಡು ಕಾಫಿಪುಡಿ ಬಣ್ಣಕ್ಕೆ ಬಂದು ನೇತಾಡ್ತಾ ಐತೆ, ಇದನ್ನ ನೋಡಕ್ಕೆ ನನ್ನ ಹೆಂಡ್ತಿ ವನಜಾಕ್ಷಿ ತುಮಕೂರಿಂದ ಬತ್ತಾವ್ಳೆ. ಇಪ್ಪತ್ತಾರು ದಿನ ಆಸ್ಪತ್ರೇಲಿ ಮಲಗಿ, ಕಿಡ್ನಿ ಹೋದ್ಮೇಲೆ ಇನ್ನು ಡಯಾಲಿಸಿಸ್ ಬ್ಯಾಡ ಡಾಕ್ಟ್ರೇ, ನನ್ನ ಮನೆಗೆ ಕಳ್ಸಿ, ಅಂತ ತಾನೇ ಕೈ ಮುಗಿದು ಹೇಳಿ ಬತ್ತಾವ್ಳೆ, ಮನೆಗೆ ಅಂದ್ರೆ ಯಾಕೆ ಅಂತ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳಲ್ಲ.

ತಿಪಟೂರಿನ ನರ್ಸರಿಯಿಂದ ಬಸ್ಸಲ್ಲಿ ತೊಡೆ ಮೇಲೆ ಇಟ್ಕಂಡು ತಂದಿದ್ಲು, ಮೂರು ವರ್ಷ ಆಯ್ತು, ಏನೇ ಇದು ಅಂದ್ರೆ ಆಂಥೂರಿಯಂ ಕಣ್ರೀ ಅಂದ್ಲು, ಕಾಯಿ ಬಿಡ್ತದಾ, ಮುಡಿಯಕ್ಕಾಗ್ತದಾ, ವಾಸನೆನಾದ್ರೂ ಐತಾ, ಇಲ್ಲ, ಹಂಗಾರೆ ಯಾಕೆ, ನೋಡಕ್ಕೆ, ಅಂದ್ಲು, ನಮ್ಮನೇಲಿ ನೋಡಕ್ಕೆ ಅಂತ ಯಾರು ಏನು ಬೆಳೆದವ್ರೆ ಅಂತ ನಕ್ಕಿದ್ದೆ. ಮಣ್ಣೇ ಹಾಕ್ಲಿಲ್ಲ, ಕಾಯಿ ಸುಲಿದ ಮಟ್ಟೆನ ಚೂರು ಮಾಡಿ ನೆನೆಸಿ ಇದ್ದಿಲು ಬೆರೆಸಿ ಕುಂಡ ತುಂಬಿದ್ಲು, ನೇರ ಬಿಸಿಲು ಬೀಳಬಾರ್ದು ಅಂತ ಕಿಟಕಿಗೆ ಹಳೇ ಸೀರೆ ಕಟ್ಟಿದ್ಲು, ದಿನಾ ಬೆಳಗ್ಗೆ ತೋರುಬೆರಳು ಕುಂಡಕ್ಕೆ ಚುಚ್ಚಿ ನೋಡೋಳು, ಒಣಗಿದ್ರೆ ಮಾತ್ರ ನೀರು, ಆ ಬೆರಳು ಸೆರಗಿಗೆ ಒರೆಸ್ಕಂಡು ನನಗೆ ಕಾಫಿ ತರೋಳು. ಆಸ್ಪತ್ರೆಯಿಂದ ಫೋನಲ್ಲಿ ಮೊದಲ ಮಾತೇ ಗಿಡ ಹೆಂಗೈತೆ ರೀ — ಒಂದು ಎಲೆ ಹಳದಿ ಆಗಿತ್ತು, ಒಂದೇ ಒಂದು, ನಾನು ನಲವತ್ತು ವರ್ಷ ತೆಂಗು ಸಾಕಿದವನು, ಗರಿ ಹಳದಿ ಆದ್ರೆ ಬುಡಕ್ಕೆ ಉಪ್ಪು ಹಾಕ್ತೀವಿ, ನಮ್ಮಪ್ಪ ಹಾಕ್ತಿದ್ದ, ನಮ್ಮೂರು ಹೊನ್ನವಳ್ಳೀಲಿ ಯಾರನ್ನ ಬೇಕಾದ್ರೂ ಕೇಳಿ, ಅಡುಗೆಮನೆ ಜಾಡಿಯಿಂದ ಒಂದು ಹಿಡಿ ಕಲ್ಲುಪ್ಪು ತಗಂಡು ಬುಡದ ಸುತ್ತ ಹಾಕಿ ಒಂದು ಚೊಂಬು ನೀರು ಬಿಟ್ಟೆ, ಬಂದಾಗ ಖುಷಿ ಪಡ್ಲಿ ಅಂತ, ಪ್ರೀತಿಗೆ ಕಣೇ, ನಿನ್ನಾಣೆ. ನಾಲ್ಕು ದಿನಕ್ಕೆ ಎಲೆ ಅಂಚು ಸುಟ್ಟೋಯ್ತು. ಕೊಡಗಟ್ಟಲೆ ನೀರು ಹುಯ್ದು ತೊಳೆದೆ, ಊಹೂಂ, ಒಣಗಿದಂಗೆಲ್ಲಾ ಮಟ್ಟೆ ಚೂರಿನ ಮೇಲೆ ಉಪ್ಪು ಬೆಳ್ಳಗೆ ಎದ್ದು ಕೂತ್ಕಂತದೆ. ಚೆನ್ನಾಗೈತೆ ಕಣೇ, ಹೊಸ ಹೂವು ಬಂದೈತೆ, ಅಂದೆ ಫೋನಲ್ಲಿ, ದಿನಾ ಅಂದೆ.

ಬೇರೆ ಗಿಡ ತರಣ ಅಂತ ನಿನ್ನೆ ತಿಪಟೂರಿಗೆ ಹೋಗಿ ನರ್ಸರಿ ಬಾಗ್ಲಿಂದಲೇ ವಾಪಸ್ ಬಂದೆ, ಒಂದೊಂದು ಎಲೆನೂ ಒದ್ದೆ ಬಟ್ಟೇಲಿ ಒರೆಸಿದೋಳಿಗೆ ಗೊತ್ತಾಗಲ್ವಾ. ಹೇಳ್ಬುಡ್ಬೇಕು, ಉಪ್ಪು ಹಾಕ್ಬುಟ್ಟೆ ಕಣೇ ಅಂತ, ನಯನ ಮುಂದೆ ಹೆಂಗೆ ಹೇಳ್ಲಿ, ಉಪ್ಪು ಅಂದ ಕೂಡ್ಲೆ ಅವಳು ನನ್ನ ಮುಖ ನೋಡ್ತಾಳೆ — ಅವರಮ್ಮನಿಗೆ ಒಂದು ಹರಳೂ ಕೊಡ್ಬ್ಯಾಡಿ ಅಂತ ವರ್ಷದ ಹಿಂದೆನೇ ಅಂದಿದ್ರು ಡಾಕ್ಟ್ರು, ನಯನ ಸಪ್ಪೆ ಸಾರು ಮಾಡಿಟ್ಟು ಸ್ಕೂಲಲ್ಲಿ ಪಾಠ ಮಾಡಕ್ಕೆ ಹೋಗೋಳು, ವನಜಾಕ್ಷಿ ಮುದ್ದೆ ಮುರಿದು ಬಾಯಲ್ಲಿ ಇಟ್ಕಂಡು ನುಂಗಲಾರ್ದೆ ಕೂತಿರೋಳು, ರೀ, ಒಂದ್ ಚೂರು, ಒಂದೇ ಒಂದ್ ಚೂರು ಕೊಡ್ರೀ, ಅಂತ ಮಗು ಥರ ಬೆರಳು ನೀಡೋಳು, ಆ ಬೆರಳ ತುದಿಗೆ ನಾನೇ ಉದುರಿಸ್ತಿದ್ದೆ, ಒಂದು ದಿನ ಅಲ್ಲ, ದಿನಾ, ಕಣ್ಣು ಮುಚ್ಕಂಡು ನಾಲಿಗೆ ಮೇಲೆ ಇಟ್ಕಂಡ್ರೆ ಅವಳ ಮುಖ ಅರಳೋದು, ಅದನ್ನ ನೋಡಕ್ಕೆ ನನಗೆ ಆಸೆ. ಕಾಲು ಊದಿ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸ್ದಾಗ ಯಾರ್ರೀ ಉಪ್ಪು ಕೊಟ್ಟೋರು ಅಂತ ಡಾಕ್ಟ್ರು ಕೇಳಿದ್ರು, ನಾನು ನೆಲ ನೋಡ್ದೆ, ನಾನೇ ಕದ್ದು ತಿಂದೆ ಡಾಕ್ಟ್ರೇ ಅಂದ್ಲು ವನಜಾಕ್ಷಿ, ನಯನ ಅಲ್ಲೇ ಎಲ್ಲರೆದುರಿಗೆ ಅವರಮ್ಮನ್ನ ಬೈದ್ಲು, ಥೂ ನನ್ನ ಜನ್ಮಕ್ಕೆ.

ಇದು ಕಾರೇ — ಅಮ್ಮನ್ನ ಹಿಡ್ಕಳಿ ಅಪ್ಪಾಜಿ, ಹಿಡ್ಕಂಡೆ, ಏನೂ ತೂಕ ಇಲ್ಲ, ಮಂಚದ ಮೇಲೆ ಕೂರಿಸಿದ್ದೂ ಆಯ್ತು, ಅಮ್ಮನಿಗೆ ಎರಡು ಗುಟುಕು ನೀರು ತರ್ತೀನಿ ಅಂತ ನಯನ ಒಳಗೆ ಹೋದ್ಲು, ಈಗ ಹೇಳು, ಈಗಲೇ ಹೇಳು, ವನಜಾ, ಆ ಗಿಡ, ಅಂತೀನಿ, ಅವಳು ನೋಡ್ತಾವ್ಳೆ, ಒಂಟಿ ಎಲೆನ, ಬಾಡಿದ ಹೂವನ್ನ, ಬೈ ಕಣೇ, ಬೈದ್ಬುಡು, ಬೈಯಲ್ಲ, ಕೈ ಚಾಚ್ತಾಳೆ, ದಿನಾ ಚುಚ್ಚಿದಂಗೇ ತೋರುಬೆರಳು ಕುಂಡಕ್ಕೆ ಚುಚ್ತಾಳೆ, ತೆಗೀತಾಳೆ, ಸೆರಗಿಗೆ ಒರೆಸ್ಕಳಲ್ಲ, ಬೆಳಕಿಗೆ ಹಿಡೀತಾಳೆ, ತುದೀಲಿ ಬಿಳಿ ಹರಳು, ನನ್ನ ಮುಖ ನೋಡ್ತಾಳೆ, ಒಳಗೆ ನಯನ ಲೋಟ ತಗಳೋ ಸದ್ದು, ಸುಮ್ಕಿರಿ, ಅಂತ ಕಣ್ಣಲ್ಲೇ — ಬ್ಯಾಡ ಕಣೇ, ಬ್ಯಾಡ — ಕಣ್ಣು ಮುಚ್ಕಂಡ್ಲು, ಮುಖ ಅರಳ್ತಾ ಐತೆ, ಆ ಬೆರಳು, ಬಿಳಿ ತುದಿ, ನಾಲಿಗೆ ಮೇಲೆ ಬೆರಳು, ನಾಲಿಗೆ ಮೇಲೆ