ಸೆಣಬಿನ ಹೊಂಡ

"ಏಯ್ ಮುದುಕಿ, ಕಿವಿ ಸತ್ತಿದೆಯಾ? ನಿನ್ನ ಮಗನ್ನ ಹೊಳೆ ಉಗುಳಿದೆ. ಬಂದು ಎತ್ಕೋ!"

ಕ್ರಚರ್ ಧಣಿ ಕುದುರೆಯಿಂದ ಇಳಿಯದೆಯೇ ಹೇಳಿದ. ಸೆಣಬಿನ ಕಟ್ಟು ಬಿಡಿಸುತ್ತಿದ್ದ ಟಮಾರ್ ನಿಧಾನವಾಗಿ ಬೆನ್ನು ನೆಟ್ಟಗೆ ಮಾಡಿದಳು. ಮಗ ಓಬೆಡ್ ಮೂರು ದಿನದಿಂದ ಕಾಣೆಯಾಗಿದ್ದ. ಈಗ ಗಾಡಿಯಲ್ಲಿ, ಗೋಣಿಯ ಕೆಳಗಿನಿಂದ ಅವನ ಪಾದಗಳು ಕಂಡವು.

"ಓಡಿಹೋಗೋಕೆ ನೋಡಿ ಮುಳುಗಿದ ಬೋಳಿಮಗ. ನಾಳೆ ಮಣ್ಣು ಮಾಡುವಾಗ ಎಲ್ಲಾ ಗುಲಾಮರೆದುರು ನೀನೇ ಹೇಳ್ಬೇಕು, ಓಹಾಯೋ ಹೊಳೆ ಕರಿಯರನ್ನ ದಾಟೋಕೆ ಬಿಡಲ್ಲ ಅಂತ. ಬೇರೆ ಮಾತು ಬಂತೋ, ಬೆನ್ನಿನ ಚರ್ಮ ಸುಲೀತೀನಿ."

"ಆಗ್ಲಿ ಧಣಿ," ಎಂದಳು ಟಮಾರ್.

ಹೆಣ ತೊಳೆಯುವ ಹೊತ್ತಿನಲ್ಲಿ ಮಾತ್ರ ಬಿಳಿಯರು ಗುಡಿಸಲಿಗೆ ತಲೆ ಹಾಕುತ್ತಿರಲಿಲ್ಲ. ನೆರೆಯ ಲೆಟ್ಟಿ ನೀರು ಹೊಯ್ಯುತ್ತ ಪಿಸುಗುಟ್ಟಿದಳು.

"ದೊಡ್ಡವ್ವಾ, ಹೊಳೆ ದಾಟಿಸೋಕೆ ಓಬೆಡ್ ಗುಹೇಲಿ ಬಚ್ಚಿಟ್ಟ ಮೂವರೂ ಹಂಗೇ ಅವ್ರೆ. ಬೆಳಗ್ಗೆ ರೊಟ್ಟಿ ಕೊಟ್ಟು ಬಂದೆ. ಆದ್ರೆ ಈನಸ್ ದೋಣಿ ಮುಟ್ಟಲ್ಲ ಅಂತಾನೆ. ಓಬೆಡ್ ಎಲ್ಲಾ ಬಾಯ್ಬಿಟ್ಟಿರ್ತಾನೆ, ದಡದಲ್ಲಿ ಬೇಟೆನಾಯಿ ಕಾದಿರ್ತವೆ ಅಂತ."

ಓಬೆಡ್ ಎಷ್ಟೋ ಜನರನ್ನು ಗುಲಾಮಗಿರಿಯಿಲ್ಲದ ಆಚೆ ದಡಕ್ಕೆ ದಾಟಿಸಿದ್ದ. ತಾನು ಮಾತ್ರ ಪ್ರತಿ ಸಲವೂ ತಾಯಿಗಾಗಿ ಹಿಂದಿರುಗುತ್ತಿದ್ದ. ಅವನಿಲ್ಲದಾಗ ಹುಟ್ಟು ಹಾಕಬಲ್ಲವನು ಈನಸ್ ಒಬ್ಬನೇ.

ಟಮಾರ್ ಮಗನ ಕೂದಲನ್ನು ಮೂಸಿದಳು. ಹೊಳೆಯ ವಾಸನೆಯಲ್ಲ. ಬಾಯೊಳಗೆ ಬೆರಳಿಟ್ಟು ಎಳೆದಾಗ ಕಪ್ಪು ಲೋಳೆಯ ಜೊತೆ ನಾರಿನ ಎಳೆ ಬಂತು. ಇನ್ನೊಂದು. ಮತ್ತೂ ಒಂದು. ನಲವತ್ತು ವರ್ಷ ಆ ನಾತದಲ್ಲಿ ಸೊಂಟಮಟ್ಟ ನಿಂತು ದುಡಿದವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾರು ಬಿಡಿಸಲು ಸೆಣಬು ಕೊಳೆಹಾಕುವ ಹೊಂಡ ಧಣಿಯ ಹಿತ್ತಲಿನಲ್ಲಿತ್ತು. ಮಣಿಕಟ್ಟುಗಳಲ್ಲಿ ಹಗ್ಗದ ಬರೆಗಳಿದ್ದವು.

"ಮುಳುಗಿಸಿ ಎತ್ತಿ, ಮುಳುಗಿಸಿ ಎತ್ತಿ ಕೇಳವ್ರೆ ಕಣೇ."

"ಹೇಳ್ಬಿಟ್ನೇನೋ, ದೊಡ್ಡವ್ವ?"

"ಹೇಳಿದ್ರೆ ಮುಳುಗಿಸೋದು ನಿಲ್ಲಿಸ್ತಿದ್ರು. ಆ ಮೂವರ ಕಾಲಿಗೆ ಇಷ್ಟೊತ್ತಿಗೆ ಸಂಕೋಲೆ ಬಿದ್ದಿರ್ತಿತ್ತು."

ಅವಳು ನಾರನ್ನು ತೊಳೆಯದೆ ಮಡಿಲಲ್ಲಿ ಕಟ್ಟಿಕೊಂಡಳು.

ಮರುದಿನ ಹೊಲದಂಚಿನಲ್ಲಿ ಗುಂಡಿ ತೋಡಿದ್ದರು. ಧಣಿಗೆ ತಗ್ಗಿ ನಡೆದವರಿಗಷ್ಟೇ ಸ್ವರ್ಗವೆಂದು ಬಿಳಿಯ ಪಾದ್ರಿ ಓದಿ ಮುಗಿಸಿದ.

"ಹೇಳು ಮುದುಕಿ," ಎಂದ ಕ್ರಚರ್, ಕುದುರೆಯ ಮೇಲಿಂದಲೇ.

ಟಮಾರ್ ಮಡಿಲು ಬಿಚ್ಚಿ ನಾರನ್ನು ಈನಸನ ಕೈಗಿಟ್ಟಳು.

"ಮೂಸು ಮಗಾ. ಇದು ಓಬೆಡನ ಗಂಟಲಲ್ಲಿತ್ತು. ಹೊಳೇಲಿ ಎಲ್ಲಾದ್ರೂ ಸೆಣಬು ಕೊಳೀತದಾ?"

ಈನಸ್ ಮೂಸಿದ. ಪಕ್ಕದವನಿಗೆ ಕೊಟ್ಟ. ನಾರು ಕೈಯಿಂದ ಕೈಗೆ ಹೋಯಿತು.

"ಬಾಯ್ಮುಚ್ಚೇ ರಂಡೆ!"

ಚಾಟಿ ಅವಳ ಹೆಗಲ ಮೇಲೆ ಬಿತ್ತು. ಅವಳು ಬೀಳಲಿಲ್ಲ.

"ಹೊಡಿಯೋ ಕ್ರಚರ್, ಹೊಡಿ. ಹೆಣ ಹೊಳೆಗೆ ಎಸೆದೆ, ಗಂಟಲು ತೊಳೆಯೋದು ಮರೆತೆ."

ಚಾಟಿ ಮತ್ತೆ ಎದ್ದಿತು. ಈನಸ್ ಬಂದು ಕುದುರೆಗೂ ಮುದುಕಿಗೂ ನಡುವೆ ನಿಂತ. ಅವನ ಹಿಂದೆ ಇನ್ನೊಬ್ಬ, ಆಮೇಲೆ ಹೆಂಗಸರು. ಕುದುರೆ ಹಿಂದೆ ಸರಿಯಿತು. ಈನಸ್ ತಲೆ ತಿರುಗಿಸದೆಯೇ ಲೆಟ್ಟಿಗಷ್ಟೇ ಕೇಳುವಂತೆ ಹೇಳಿದ, "ಆ ಮೂವರಿಗೆ ಹೊಟ್ಟೆ ತುಂಬ ತಿನ್ನಿಸು. ಹುಟ್ಟು ನಾನು ಹಾಕ್ತೀನಿ."

ಟಮಾರ್ ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಕೈ ಜೋಡಿಸಿದಳು.

"ಸ್ವಾಮೀ, ನನ್ನ ಕೂಸು ಬರ್ತಾ ಅದೆ. ಮೈಯೆಲ್ಲಾ ಒದ್ದೆ ಆಗಿ ಅದೆ, ಬಾಳ ದಣಿದದೆ. ಕಡೇ ಉಸಿರಿನವರೆಗೂ ಕೇಳಿದ್ರು, ಒಬ್ಬರ ಹೆಸರೂ ಹೇಳ್ಲಿಲ್ಲ. ನೀನೂ ಅವನ್ನ ಏನೂ ಕೇಳ್ಬೇಡ, ತಂದೇ. ಸುಮ್ನೆ ಮಲಗೋಕೆ ಬಿಡು."