ಒಂದೇ ಅಂಕಿ ಬಲ್ಲ ಕೊಳವೆ

"ಇನ್ನೊಂಚೂರು ತಿರುವು," ಎಂದರು ಜಾನಕಿಬಾಯಿ.

ದೇವಿಕಾ ಕರೆಂಟಿನ ಗುಂಡಿಯ ಮೇಲಿದ್ದ ಬೆರಳನ್ನು ಹಿಂದಕ್ಕೆಳೆದುಕೊಂಡಳು. "ಬ್ಯಾಡ್ರಿ ಟೀಚರ್. ಗಾಜು ಸೀಳು ಬಿಟ್ರ ಇಂಥಾದ್ದು ರಾಯಚೂರಾಗ ಅಲ್ಲ, ಹೈದರಾಬಾದಿನಾಗೂ ಸಿಗಂಗಿಲ್ಲ."

ಮೇಜಿನ ಮೇಲೆ ಹೆಬ್ಬೆರಳು ಗಾತ್ರದ ಗಾಜಿನ ಕೊಳವೆಯಿತ್ತು. ಅದರೊಳಗೆ ತೆಳು ತಂತಿಯಲ್ಲಿ ಬಾಗಿಸಿದ ಹತ್ತು ಅಂಕಿಗಳು ಒಂದರ ಹಿಂದೊಂದು ನಿಂತಿದ್ದವು. ಯಾವುದಕ್ಕೆ ಕರೆಂಟು ಕೊಟ್ಟರೆ ಅದು ಕೆಂಡದ ಬಣ್ಣಕ್ಕೆ ಬೆಳಗಬೇಕು. ಇಂಥ ನಾಲ್ಕನ್ನು ಗುಜರಿಯಿಂದ ಆರಿಸಿ ತಂದು, ನಲವತ್ತು ವರ್ಷದ ಹಿಂದೆ ಜಾನಕಿಬಾಯಿ ಕೈಯಾರೆ ಗಡಿಯಾರ ಕಟ್ಟಿದ್ದರು. ಹೋದ ತಿಂಗಳು ನಿಮಿಷದ ಕೊನೆಯ ಕೊಳವೆ ಒಡೆಯಿತು. ಗಂಟೆ ಹತ್ತು, ಹನ್ನೊಂದು, ಹನ್ನೆರಡಕ್ಕೆ ಮಾತ್ರ ಬೇಕಾಗುವ ಮೊದಲನೆಯದನ್ನು ಕಿತ್ತು ಅಲ್ಲಿ ಕೂರಿಸಿದರು. ಆ ಮೂರು ಗಂಟೆಗಳನ್ನು ಹಗಲಲ್ಲಿ ಬಿಸಿಲು ನೋಡಿ ತಿಳಿದುಕೊಂಡರಾಯಿತು, ರಾತ್ರಿ ಹೇಗೂ ನಿದ್ದೆಯಿದೆಯಲ್ಲ! ಆದರೆ ಆ ಕೊಳವೆ ತನ್ನ ಜನ್ಮದಲ್ಲಿ ಒಂದು ಬಿಟ್ಟು ಬೇರೆ ಅಂಕಿ ತೋರಿಸಿರಲಿಲ್ಲ. ಉಳಿದ ಒಂಬತ್ತೂ ನಿಂತಲ್ಲೇ ಕಿಟ್ಟ ಹಿಡಿದು, ಅರೆಬರೆ ಉರಿದು ಕುಂಟುತ್ತಿದ್ದವು.

ದೇವಿಕಾ ಮಾನ್ವಿಯ ಅಕ್ಕಿ ಗಿರಣಿಗಳಲ್ಲಿ ತೂಕದ ಯಂತ್ರ ರಿಪೇರಿ ಮಾಡುವಾಕೆ. ಶಾಲೆಯಲ್ಲಿ ವಿಜ್ಞಾನ ಕಲಿಸಿದವರು ಕರೆದರೆಂದು ಬೆಳಗಿನ ಬಸ್ಸಿಗೇ ರಾಯಚೂರಿಗೆ ಬಂದಿದ್ದಳು. ಬಲ್ಬು ಹತ್ತಿದೊಡನೆ ಹುಡುಗಿಯರು ಕೈ ಮುಗಿದರೆ, "ಕರೆಂಟಿಗ್ಯಾಕ ನಮಸ್ಕಾರ? ಕಣ್ಣು ಬಿಟ್ಟು ನೋಡ್ರೆ!" ಎಂದು ಗೇಲಿ ಮಾಡುತ್ತಿದ್ದ ಟೀಚರ್ ಇವರೇ. ಈಗ ಅವರ ಕೈ ನಡುಗುತ್ತದೆ. ಅಂಕಿಗೆ ರೂಢಿಗಿಂತ ಹೆಚ್ಚು ಕರೆಂಟು ಹರಿಸಿ ಕಿಟ್ಟ ಉದುರಿಸುವ ಉಪಾಯ ಅವರದು, ಕೈ ಶಿಷ್ಯೆಯದು. ಊಟದ ಹೊತ್ತಿಗೆ ಎಂಟು ಅಂಕಿಗಳು ದಾರಿಗೆ ಬಂದಿದ್ದವು. ಎಂಟೆಂಬ ಅಂಕಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ಅದೊಂದು ಹಿಂಗ ಇರ್ಲಿ ಬಿಡ್ರಿ. ಓದಾಕ ಬರ್ತದಲ್ಲ?"

"ತಾಸಿಗೆ ಆರು ಸಲ ಕುಂಟತದ, ದೇವಿಕಾ. ಈ ಮನ್ಯಾಗ ಕುಂಟಲಿಕ್ಕೆ ನಾ ಒಬ್ಬಾಕಿ ಸಾಕು." ಜಾನಕಿಬಾಯಿ ಕೋಲನ್ನು ಗೋಡೆಗೆ ಒರಗಿಸಿ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡರು. "ಒಡದ್ರ ಒಡೀಲಿ. ಕಟ್ಟಿದಾಕಿ ನಾನೇ, ಹೇಳಾಕಿನೂ ನಾನೇ. ತಿರುವು."

ದೇವಿಕಾ ತಿರುಗಿಸಿದಳು. ಎಂಟರ ಕೆಳಗಿನ ಸುತ್ತು ಮಾತ್ರ ಉರಿಯುತ್ತಿತ್ತು, ಮೇಲಿನದು ಕಪ್ಪಗಿತ್ತು. ಬಹಳ ಹೊತ್ತು ಏನೂ ಆಗಲಿಲ್ಲ. ಗಾಜು ಕಾಯುತ್ತಾ ಹೋಯಿತು. ಇನ್ನು ಆರಿಸಿಬಿಡಬೇಕು ಎನ್ನುವಷ್ಟರಲ್ಲಿ ಬೆಳಕು ಅಲುಗಿತು. ಇರುವೆಯ ಹಾಗೆ ನಿಧಾನವಾಗಿ ಕಪ್ಪು ತಂತಿಯನ್ನು ಏರತೊಡಗಿತು, ಬಾಗಿದಲ್ಲಿ ಕೊಂಚ ತಡೆದು, ನೆತ್ತಿ ಬಳಸಿ ಇಳಿದು, ಹೊರಟಲ್ಲಿಗೇ ಬಂದು ಕೂಡಿಕೊಂಡಿತು. ನಲವತ್ತು ವರ್ಷ ಗಾಜಿನೊಳಗೇ ನಿಂತಿದ್ದ ಈ ಎಂಟನ್ನು, ಗಡಿಯಾರ ಕಟ್ಟಿದವರೂ ಸೇರಿದಂತೆ, ಈ ಮನೆಯಲ್ಲಿ ಯಾರೂ ಪೂರ್ತಿ ಕಂಡಿರಲಿಲ್ಲ.

ಕರೆಂಟು ಇಳಿಸಿ, ಗಾಜು ತಣ್ಣಗಾದ ಮೇಲೆ ಕೊಳವೆಯನ್ನು ಗಡಿಯಾರಕ್ಕೆ ಕೂರಿಸಿದಳು. ಮೂರು ಇಪ್ಪತ್ತೇಳು. ಇಬ್ಬರೂ ಕಾದರು. ಏಳು ಆರಿತು. ಎಂಟು ಹತ್ತಿತು, ಚೂರೂ ಕೊರತೆಯಿಲ್ಲದೆ.

"ಬಂತು ನೋಡ್ರಿ ಟೀಚರ್!" ಎಂದು ದೇವಿಕಾ ತಿರುಗಿದಳು.

ಜಾನಕಿಬಾಯಿ ಕಣ್ಣು ಬಿಟ್ಟುಕೊಂಡೇ ನೋಡುತ್ತಿದ್ದರು. ನಡುಗುವ ಎರಡೂ ಕೈಗಳು ಎದೆಯ ಮುಂದೆ ಜೋಡಿಕೊಂಡಿದ್ದವು.