ಎರಡು ಬೆರಳು ಮಾರ್ಜಿನ್

ನಮ್ಮಜ್ಜಿಯ ಕಥೆಗಳಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯ ಕೊರಳಲ್ಲಿರುತ್ತಿತ್ತು. ನಮ್ಮಜ್ಜನ ಕಾರಿನ ಪ್ರಾಣ ಮಾತ್ರ ಪೆಡಲಿನಿಂದ ಕ್ಲಚ್ಚಿಗೆ ಹೋಗುವ ಒಂದು ತಂತಿಯಲ್ಲಿತ್ತು. ಶುಕ್ರವಾರ ಸಂಜೆ ನಮ್ಮ ಗೇಟಿನ ಮುಂದೆಯೇ ಅದು ಟಪ್ಪೆಂದು ತುಂಡಾದಾಗಲೇ ನನಗದು ಗೊತ್ತಾಗಿದ್ದು.

ಅಜ್ಜ ಐವತ್ತು ವರ್ಷ ಕೋಟು ಹೊಲಿದವರು. ಗಿರಾಕಿಯೊಬ್ಬರು ಊರು ಬಿಡುವಾಗ ಹಿತ್ತಲಲ್ಲಿ ತುಕ್ಕು ಹಿಡಿಯುತ್ತಿದ್ದ ಹಳೇ ಸ್ಪೋರ್ಟ್ಸ್ ಕಾರನ್ನು ಇವರ ಕೊರಳಿಗೆ ಕಟ್ಟಿ ಹೋಗಿದ್ದರು. ಹಸಿರು ಬಣ್ಣ, ತಲೆಯ ಮೇಲೆ ಮುಚ್ಚಳವಿಲ್ಲ, ಇರುವುದು ಎರಡೇ ಸೀಟು. ಹನ್ನೊಂದು ವರ್ಷ ಅಜ್ಜ ಅದರ ಕೆಳಗೇ ಮಲಗಿ ಕಾಲ ಕಳೆದರು. ಸೀಟಿನ ಚರ್ಮವನ್ನು ತಮ್ಮ ಕೈಯಿಂದಲೇ ಹೊಲಿದರು. ಅಜ್ಜಿ ಮಾತ್ರ ಒಂದು ದಿನವೂ ಅದರಲ್ಲಿ ಕೂತಿರಲಿಲ್ಲ. ನಿಂತಿರೋ ಕಾರಲ್ಲಿ ಕೂರೋಕೆ ನಮ್ಮನೇಲಿ ಸೋಫಾ ಇಲ್ವಾ ಎನ್ನುವುದು ಅವಳ ವಾದ.

ಕೊನೆಗೂ ಆ ವಾರ ಕಾರು ಓಡಿತು. ಆದರೆ ಸೋಮವಾರ ಅಜ್ಜಿಯ ಮಂಡಿ ಆಪರೇಷನ್ ನಿಗದಿಯಾಗಿತ್ತು. ಆಮೇಲೆ ನಾಲ್ಕು ತಿಂಗಳು ತಗ್ಗಿನ ಯಾವುದರ ಮೇಲೂ ಕೂರುವಂತಿಲ್ಲ ಎಂದಿದ್ದರು ಡಾಕ್ಟರು. ಆ ಕಾರಿನ ಸೀಟೋ, ನೆಲದಿಂದ ಒಂದು ಗೇಣು. ಅಜ್ಜಿ ಆಮೇಲೆ ಕೂತರಾಯಿತಲ್ಲ ಎಂದು ನಾನಂದೆ. ಎಪ್ಪತ್ತೊಂಬತ್ತು ವರ್ಷದ ಅಜ್ಜನಿಗೆ ಆ 'ಆಮೇಲೆ'ಯ ಮೇಲೆ ನಂಬಿಕೆ ಇರಲಿಲ್ಲ. ಭಾನುವಾರದೊಳಗೆ ತಂತಿ ಬೇಕು ಎಂದರು. ತುಂಡುಗಳೆರಡನ್ನೂ ಜಗಲಿಯ ಮೇಲೆ ಜೋಡಿಸಿ ಟೇಪಿನಿಂದ ಅಳೆದು, ಕಿವಿಯ ಸಂದಿನ ಪೆನ್ಸಿಲ್ ತೆಗೆದು ಚೀಟಿ ಬರೆದರು. ಟೇಪಿನ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ನನ್ನ ಮನಸ್ಸು ಎಲ್ಲಿತ್ತೋ, ಎಷ್ಟು ಇಂಚು ಬಂತೆಂದು ನಾನು ನೋಡಲೇ ಇಲ್ಲ.

ಶನಿವಾರ ಬೆಳಿಗ್ಗೆ ಕೇಬಲ್ ಅಂಗಡಿಗೆ ಹೋದೆವು. ಅಂಗಡಿಯಾಕೆಯನ್ನು ಎಲ್ಲರೂ ತಂತಿಯಕ್ಕ ಎಂದೇ ಕರೆಯುತ್ತಾರೆ. ಓಣಿಯಂಥ ಅಂಗಡಿ, ಗೋಡೆಯುದ್ದಕ್ಕೂ ಮೊಳೆಗಳು, ಮೊಳೆಗೊಂದು ಸುರುಳಿ. ಬಾಗಿಲ ಬಳಿ ಗಿಡ್ಡ ತಂತಿಗಳು, ಒಳಗೆ ಹೋದಷ್ಟೂ ಉದ್ದದವು. ಏಳು ಜನ ರಾಜಕುಮಾರಿಯರು ಜಡೆ ಕತ್ತರಿಸಿ ನೇತುಹಾಕಿ ಹೋದಂತೆ ನನಗೆ ಕಂಡಿತು.

ತಂತಿಯಕ್ಕ ಮೊದಲು ಒಂದು ಡಬ್ಬಿ ತಂದಿಟ್ಟರು. ಅದರ ಮೇಲೆ ಥೇಟ್ ನಮ್ಮ ಕಾರಿನದೇ ಚಿತ್ರ. ನಾನು ಖುಷಿಯಿಂದ ಕೈ ಚಾಚಿದೆ. ಸ್ಟೇರಿಂಗ್ ಯಾವ ಕಡೆ ಇದೆ ಎಂದು ಅವರು ಕೇಳಿದರು. ಹಿಂದಿನ ಯಜಮಾನರು ಅದನ್ನು ಆ ಕಡೆಯಿಂದ ಈ ಕಡೆಗೆ ಬದಲಾಯಿಸಿದ್ದನ್ನು ಅಜ್ಜ ಹೇಳಿದರು. ಪೆಡಲು ಜಾಗ ಬದಲಿಸಿದರೆ ತಂತಿಯ ಉದ್ದವೂ ಬೇರೆಯಂತೆ. ಡಬ್ಬಿ ಮತ್ತೆ ಅಟ್ಟ ಸೇರಿತು.

"ಇದು ನಿಮ್ಮ ಕಾರಿನ ಅಣ್ಣಂದು ಮಾಸ್ಟ್ರೇ. ತಮ್ಮಂಗೆ ಆಗಲ್ಲ."

ಆಮೇಲೆ ಎರಡು ಸುರುಳಿ ಬಂದವು. ಒಂದು ಬೆಳ್ಳಿಯ ಹಾಗೆ ಮಿಂಚುತ್ತಿತ್ತು. ಇನ್ನೊಂದು ಬೂದಿ ಬಣ್ಣದ್ದು, ನೋಡಲು ಸಪ್ಪೆ. ನಾನು ಮಿಂಚುವುದರ ಕಡೆ ಬೆರಳು ತೋರಿದೆ. ಅಜ್ಜ ಎರಡನ್ನೂ ಕಣ್ಣು ಮುಚ್ಚಿ, ಬಟ್ಟೆಯ ನೇಯ್ಗೆ ನೋಡುವಂತೆ ಹೆಬ್ಬೆರಳು ತೋರುಬೆರಳಿನ ಮಧ್ಯೆ ತಿಕ್ಕಿದರು. ಬಗ್ಗಿಸಿದರು, ಬಿಟ್ಟರು. ಬೂದಿ ತಂತಿಯನ್ನು ಎತ್ತಿ, ಒಳ್ಳೇ ಬಟ್ಟೆಯ ಹಾಗೆ ಇದು ಚೆನ್ನಾಗಿ ಬೀಳುತ್ತೆ ಎಂದರು. ತಂತಿಯಕ್ಕ ಕನ್ನಡಕ ಮೇಲೇರಿಸಿ ಅಜ್ಜನನ್ನೇ ನೋಡಿದರು. ಮಿಂಚುವುದು ಏಳು ದಪ್ಪ ಎಳೆಯದಂತೆ, ತಿರುವಿನಲ್ಲಿ ಒಂದೊಂದೇ ಎಳೆ ಮುರಿಯುತ್ತದಂತೆ. ನಮ್ಮದು ತುಂಡಾದದ್ದೂ ಹಾಗೆಯೇ. ಬೂದಿಯದರಲ್ಲಿ ಹತ್ತೊಂಬತ್ತು ಸಣ್ಣ ಎಳೆ. ಕೈಗೇ ಗೊತ್ತಾಗೋ ಗಿರಾಕಿ ಬಂದು ಬಹಳ ದಿನ ಆಯ್ತು ಎಂದು, ಚೀಟಿ ನೋಡಿ ಹೊರಕವಚ, ಒಳತಂತಿ ಎರಡನ್ನೂ ಕತ್ತರಿಸಿ, ತುದಿಗಳಿಗೆ ಲೋಹದ ಗುಂಡು ಬೆಸೆದುಕೊಟ್ಟರು.

ಮನೆಗೆ ಬಂದು ಜೋಡಿಸಿದೆವು. ಪೆಡಲು ಒತ್ತಿದರೆ ಅದು ಸುಮ್ಮನೆ ನೆಲ ಮುಟ್ಟಿತು. ಗೇರು ಹಾಕಿದರೆ ಕರ್ರ್ ಎಂದಿತು. ಬಿಗಿ ಮಾಡುವ ನಟ್ಟನ್ನು ಕೊನೆಯವರೆಗೂ ತಿರುಗಿಸಿದರೂ ತಂತಿ ಜೋಲಾಡುತ್ತಲೇ ಇತ್ತು. ಅಡುಗೆಮನೆಯ ಕಿಟಕಿಯಿಂದ ಅಜ್ಜಿ, ಹೊಸ ದಾರ ಹಾಕಿದರೂ ಮಿಷನ್ ಓಡಲಿಲ್ಲವೇ ಎಂದು ವಿಚಾರಿಸಿಕೊಂಡಳು. ಅಜ್ಜ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವರು ಹಾಗೆ ಕೈ ಕಟ್ಟಿ ಕೂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ನಾನು ಹಳೇ ತಂತಿಯ ತುಂಡುಗಳನ್ನು ಮತ್ತೆ ಜೋಡಿಸಿ, ಈ ಸಲ ಕಣ್ಣಿಟ್ಟು ಅಳೆದೆ. ಚೀಟಿಯಲ್ಲಿ ಕವಚದ ಅಳತೆ ಸರಿಯಾಗಿತ್ತು. ಒಳತಂತಿ ಮಾತ್ರ ಹೆಚ್ಚು.

"ಅಜ್ಜ, ನೀನು ಎರಡು ಬೆರಳು ಜಾಸ್ತಿ ಬರ್ದಿದೀಯ."

"ಮಾರ್ಜಿನ್ ಬಿಡ್ಬೇಕಲ್ವಾ ಪುಟ್ಟಿ?" ಎಂದರು ಅಜ್ಜ, ಹಾಲು ಬೆಳ್ಳಗಿರಬೇಕಲ್ವಾ ಎಂಬಂತೆ. ಆಮೇಲೆ ತಮ್ಮ ಮಾತು ತಮಗೇ ಕೇಳಿಸಿತು. ಐವತ್ತು ವರ್ಷ ಪ್ರತಿ ಅಳತೆಗೂ ಹೊಲಿಗೆಗೆಂದು ಎರಡು ಬೆರಳು ಸೇರಿಸಿ ಬರೆದ ಕೈ ಅದು. ತಂತಿಯೆಂದು ಅದಕ್ಕೇನು ಗೊತ್ತು? ಕವಚ ಲೈನಿಂಗ್ ಇದ್ದ ಹಾಗೆ, ಅದಕ್ಕೆ ಬೇಡ ಅನ್ನಿಸ್ತು ಎಂದು ಮೆಲ್ಲಗೆ ಸೇರಿಸಿದರು.

ತಂತಿ ಬಿಚ್ಚಿಕೊಂಡು ಓಡಿದಾಗ ಅಂಗಡಿಯ ಷಟರ್ ಅರ್ಧ ಇಳಿದಿತ್ತು. ಭಾನುವಾರ ರಜೆ. ಬೈಗುಳ ಖಂಡಿತ ಎಂದುಕೊಂಡೇ ನಾನು ವಿಷಯ ಹೇಳಿದೆ. ತಂತಿಯಕ್ಕ ಸ್ಟೂಲಿನ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡ ಮೇಲೆ ಹೇಳಿದರು:

"ಎರಡು ಬೆರಳು ಕಡಿಮೆ ಬರ್ದಿದ್ರೆ ನಾನೂ ಕೈ ಎತ್ತಿಬಿಡ್ತಿದ್ದೆ. ಆ ನಮೂನೇಲಿ ಇದೇ ಕೊನೇದು. ಹೆಚ್ಚಿರೋದನ್ನ ಕತ್ತರಿಸೋಣ. ಆದ್ರೆ ಎಷ್ಟು ಅಂತ? ಹಳೇ ಗಾಡಿ, ಎಲ್ಲಾ ಸವೆದಿರುತ್ತೆ. ಟೇಪು ಸುಳ್ಳು ಹೇಳುತ್ತೆ."

ಅಜ್ಜನ ಬೆನ್ನು ನೆಟ್ಟಗಾಯಿತು.

"ಹಾಗಾದ್ರೆ ಟ್ರಯಲ್ ನೋಡ್ಬೇಕಮ್ಮ. ಮೈಮೇಲೆ ಹಾಕಿ ನೋಡ್ದೆ ನಾನು ಯಾರ ಕೋಟಿಗೂ ಕತ್ತರಿ ಇಟ್ಟವನಲ್ಲ."

ಭಾನುವಾರ ಬೆಳಿಗ್ಗೆ ಎಂಟಕ್ಕೆ ತಂತಿಯಕ್ಕ ಬೆಸುಗೆ ಕಡ್ಡಿಯ ಚೀಲ ಹಿಡಿದು ನಮ್ಮನೆಗೆ ಬಂದರು. ಅಜ್ಜ ಕಾರಿನ ಕೆಳಗೆ ತೂರಿಕೊಂಡರು, ನಾನು ಪೆಡಲಿನ ಮೇಲೆ ಕಾಲಿಟ್ಟೆ. ಒತ್ತು, ಬಿಡು, ಅರ್ಧ ಬಿಡು, ಉಸಿರು ಬಿಗಿ ಹಿಡಿಯಬೇಡ ಎಂದು ಕೆಳಗಿನಿಂದ ಅಪ್ಪಣೆಗಳು. ಗುರುತು ಹಾಕಲು ಹೋದರೆ ಗ್ರೀಸಿನ ಮೇಲೆ ಸೀಮೆಸುಣ್ಣ ಮೂಡಲಿಲ್ಲ. ಅಜ್ಜ ಜೇಬಿನಿಂದ ಕೆಂಪು ದಾರ ತೆಗೆದು ತಂತಿಗೆ ಗಂಟು ಹಾಕಿದರು. ಗಂಟಿದ್ದಲ್ಲಿ ತಂತಿಯಕ್ಕ ಕತ್ತರಿಸಿದರು, ಗುಂಡು ಬೆಸೆದರು, ಆರಲು ಬಿಟ್ಟರು. ಮತ್ತೆ ಜೋಡಿಸಿ ಒತ್ತಿದಾಗ ಪೆಡಲು ಅರ್ಧದಲ್ಲೇ ನನ್ನ ಅಂಗಾಲಿಗೆ ಮೆತ್ತಗೆ ಎದುರುತ್ತರ ಕೊಟ್ಟಿತು. ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯಿತು. ನಾನು ಇದ್ದಲ್ಲೇ ಕುಣಿದೆ.

ಅಜ್ಜಿ ತಾನೇ ಹೊರಬಂದಳು. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಯಾವಾಗ ಉಟ್ಟಳೋ ಯಾರಿಗೂ ಗೊತ್ತಿಲ್ಲ. ನಾನೊಂದು ತೋಳು, ತಂತಿಯಕ್ಕ ಒಂದು ತೋಳು ಹಿಡಿದು, ಮೊದಲು ಸೊಂಟ, ಆಮೇಲೆ ಒಂದೊಂದೇ ಕಾಲು ಎಂದು ಒಳಗೆ ಇಳಿಸಿದೆವು. ಬಾವಿಗೆ ಇಳಿಸ್ತಿದೀರೇನ್ರೇ ಎಂದು ಗೊಣಗುತ್ತಲೇ ಕೂತು, ಸೀಟಿನ ಹೊಲಿಗೆಯ ಮೇಲೆ ಬೆರಳಾಡಿಸಿ, ಸೆರಗು ಬಿಗಿ ಮಾಡಿಕೊಂಡಳು.

ಕಾರು ಸದ್ದು ಮಾಡುತ್ತಾ ಬೀದಿ ತಿರುವು ದಾಟಿತು. ನಾನೂ ತಂತಿಯಕ್ಕನೂ ಗೇಟಿನ ಬಳಿ ನಿಂತು ಕಿವಿಯಲ್ಲೇ ಅದನ್ನು ಹಿಂಬಾಲಿಸಿದೆವು. ಒಂದು ಗೇರು, ಎರಡು, ಮೂರು. ಎಲ್ಲೂ ಕರ್ರ್ ಇಲ್ಲ. ಹತ್ತು ನಿಮಿಷಕ್ಕೆ ಅದು ಇನ್ನೊಂದು ತುದಿಯಿಂದ ಕಾಣಿಸಿಕೊಂಡಿತು. ಅಜ್ಜಿಯ ಬಿಳಿಕೂದಲೆಲ್ಲ ಬಿಚ್ಚಿ ಹಾರಾಡುತ್ತಿತ್ತು, ಮಂಡಿಯ ಮೇಲಿರಬೇಕಾದ ಕೈ ಗಾಳಿಯಲ್ಲಿತ್ತು. ಅವಳ ಕಾಲಿಗೆ ನೋವಾದೀತೆಂದು ಅಜ್ಜ ಗೇಟಿನ ಮುಂದೆ ಕಾರು ನಿಲ್ಲಿಸಿದರು. ಇಳಿಸಲು ನಾನು ಓಡಿದೆ.

"ಯಾಕ್ರೀ ನಿಲ್ಸಿದ್ರಿ?" ಎಂದಳು ಅಜ್ಜಿ, ನನ್ನ ಕಡೆ ತಿರುಗಿಯೂ ನೋಡದೆ.

ಅಜ್ಜ ಕ್ಲಚ್ ಒತ್ತಿದರು.